ಎಲ್ಫರಲ್ಲಿ ಬಲಿಷ್ಠರು ಯಾರು?

ಕಳೆದ ಮಳೆಗಾಲದ ಒಂದು ಸಂಜೆ. ಗಣೇಶಗುಡಿಯ ಒಂದು ಮನೆಯಲ್ಲಿ ಜಪಸರ ಪ್ರಾರ್ಥನೆ ಮುಗಿಸಿ, ಆ ಕುಟುಂಬದವರೊಂದಿಗೆ ಚಹಾ ಕುಡಿಯುತ್ತ ಕುಳಿತಿದ್ದೆ. ಹೊರಗೆ ಮಳೆ ಬಿಡುವ ಸೂಚನೆ ಇರಲಿಲ್ಲ. ಪದವಿ ತರಗತಿಯಲ್ಲಿ ಓದುತ್ತಿರುವ ಆ ಮನೆಯ ಮಗ, ತಾನು ಮೊಬೈಲಿನಲ್ಲಿ ನೋಡಿ ಮುಗಿಸಿದ ಒಂದು ಧಾರಾವಾಹಿಯ ವಿಚಾರ ತೆಗೆದ. 2022ರಲ್ಲಿ ಆರಂಭವಾದ ‘ದಿ ರಿಂಗ್ಸ್ ಆಫ್ ಪವರ್’ ಎಂಬ ಆ ಧಾರಾವಾಹಿಗೆ ಆಂಗ್ಲ ಲೇಖಕ ಜೆ.ಆರ್.ಆರ್. ಟೋಲ್ಕೀನರ ಕಥಾಲೋಕವೇ ಆಧಾರ. ‘ಫಾದರ್, ನೀವು ಆ ಪುಸ್ತಕಗಳನ್ನು ಓದಿದ್ದೀರಂತೆ. ಎಲ್ಫರಲ್ಲಿ ಎಲ್ಲರಿಗಿಂತ ಬಲಿಷ್ಠ ಯಾರು?’ ಎಂದು ಕೇಳಿದ. ಮೂಲೆಯಲ್ಲಿ ಕುಳಿತಿದ್ದ ಅವನ ಅಜ್ಜಿ, ‘ಅವರು ಯಾರು? ದೇವರೋ, ದೆವ್ವವೋ?’ ಎಂದರು. ಎಲ್ಲರೂ ನಕ್ಕೆವು. ಆದರೆ ಆ ಎರಡು ಪ್ರಶ್ನೆಗಳೂ ನನ್ನನ್ನು ಅನೇಕ ದಿನ ಬಿಡಲಿಲ್ಲ. ಈ ಲೇಖನ ಹುಟ್ಟಿದ್ದು ಹಾಗೆ.

ಮೊದಲು ಅಜ್ಜಿಯ ಪ್ರಶ್ನೆಗೆ ಉತ್ತರಿಸೋಣ. ಎಲ್ಫ್ ಎಂಬುದಕ್ಕೆ ನಮ್ಮಲ್ಲಿ ಸರಿಸಮನಾದ ಪದವಿಲ್ಲ. ನಮ್ಮ ಪುರಾಣಗಳ ಯಕ್ಷ, ಗಂಧರ್ವ, ಕಿನ್ನರರು ಹತ್ತಿರದ ಬಂಧುಗಳೆನ್ನಬಹುದು. ಆದರೂ ಅವರಂತೆಯೇ ಎಂದು ಹೇಳಲಾಗದು. ಟೋಲ್ಕೀನರ ಎಲ್ಫರು ದೇವರೂ ಅಲ್ಲ, ದೆವ್ವವೂ ಅಲ್ಲ. ಮನುಷ್ಯರಿಗಿಂತ ಮೊದಲು ಸೃಷ್ಟಿಕರ್ತನಿಂದ ಜೀವ ಪಡೆದವರು. ಅವರಿಗೆ ಮುಪ್ಪಿಲ್ಲ, ರೋಗವಿಲ್ಲ. ಆಯುಧದಿಂದ ಅಥವಾ ತಾಳಲಾರದ ದುಃಖದಿಂದ ಮಾತ್ರ ಅವರ ದೇಹಕ್ಕೆ ಸಾವು. ಹಾಡು, ಕಲೆ, ಕರಕುಶಲತೆ ಅವರ ಸ್ವಭಾವ. ಇಷ್ಟೆಲ್ಲ ಇದ್ದೂ ಅವರು ಪಾಪಕ್ಕೆ ಹೊರತಾದವರಲ್ಲ. ಅವರ ಕಥೆ ನಮಗೆ ಹತ್ತಿರವಾಗುವುದು ಇದರಿಂದಲೇ.

ಈ ಲೋಕವನ್ನು ಕಟ್ಟಿದವರು ಕಥೋಲಿಕರು. 1892ರಲ್ಲಿ ಜನಿಸಿದ ಟೋಲ್ಕೀನರ ತಾಯಿ ಮೇಬಲ್, 1900ರಲ್ಲಿ ಬಂಧುಗಳ ವಿರೋಧವನ್ನು ಲೆಕ್ಕಿಸದೆ ಕಥೋಲಿಕ ಧರ್ಮಸಭೆಯನ್ನು ಸೇರಿದರು. 1904ರಲ್ಲಿ ಅವರು ತೀರಿಕೊಂಡಾಗ ಇಬ್ಬರು ಅನಾಥ ಬಾಲಕರ ಪೋಷಣೆಯ ಹೊಣೆ ಹೊತ್ತವರು ಬರ್ಮಿಂಗ್‌ಹ್ಯಾಮಿನ ಫಾದರ್ ಫ್ರಾನ್ಸಿಸ್ ಮಾರ್ಗನ್. ಟೋಲ್ಕೀನರು ಮುಂದೆ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾದರು. ಅವರ ಹಿರಿಯ ಮಗ ಜಾನ್ ಗುರುವಾದರು. 1937ರಲ್ಲಿ ‘ದಿ ಹಾಬಿಟ್’, 1954-55ರಲ್ಲಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಪ್ರಕಟವಾದವು. ಎಲ್ಫರ ಪ್ರಾಚೀನ ಗಾಥೆಗಳ ಗ್ರಂಥವಾದ ‘ದಿ ಸಿಲ್ಮರಿಲಿಯನ್’ ಮಾತ್ರ ಅವರ ಜೀವಿತಕಾಲದಲ್ಲಿ ಮುಗಿಯಲಿಲ್ಲ. 1973ರಲ್ಲಿ ಅವರು ನಿಧನರಾದ ಮೇಲೆ ಮಗ ಕ್ರಿಸ್ಟೋಫರ್ ಅದನ್ನು ಸಂಪಾದಿಸಿ 1977ರಲ್ಲಿ ಹೊರತಂದರು. ಓದಲು ಅದು ಸುಲಭದ ಪುಸ್ತಕವಲ್ಲ. ಹೆಸರುಗಳ ದಟ್ಟಡವಿ. ವಂಶಾವಳಿಗಳಲ್ಲಿ ಓದುಗ ದಾರಿ ತಪ್ಪುವುದುಂಟು. ಆದರೆ ಬಲವೆಂದರೇನು ಎಂಬ ಪ್ರಶ್ನೆಯನ್ನು ಇಷ್ಟು ಕಠಿಣವಾಗಿ ಕೇಳಿದ ಆಧುನಿಕ ಕಥೆಗಳನ್ನು ನಾನು ಹೆಚ್ಚು ಓದಿಲ್ಲ.

ಹುಡುಗ ನಿರೀಕ್ಷಿಸಿದ್ದ ಉತ್ತರ ಸುಲಭವಾದದ್ದು. ಕೈಚಳಕ ಮತ್ತು ಬುದ್ಧಿಯಲ್ಲಿ ಎಲ್ಲರನ್ನೂ ಮೀರಿದವನು ಫೆಯನೋರ್. ಲೋಕಕ್ಕೆ ಬೆಳಕು ಕೊಡುತ್ತಿದ್ದ ಎರಡು ದಿವ್ಯ ವೃಕ್ಷಗಳ ಪ್ರಭೆಯನ್ನು ಮೂರು ರತ್ನಗಳಲ್ಲಿ ಹಿಡಿದಿಟ್ಟವನು ಅವನು. ಆ ರತ್ನಗಳೇ ಸಿಲ್ಮರಿಲ್‌ಗಳು. ರಣದಲ್ಲಿ ಮಹಾವೀರ ಅವನ ಮಲತಮ್ಮ ಫಿಂಗೊಲ್ಫಿನ್. ಸೋಲು ಖಚಿತವೆಂದು ತಿಳಿದೂ ಒಬ್ಬನೇ ಕುದುರೆಯೇರಿ ಹೋಗಿ, ಲೋಕಕಂಟಕನಾದ ಮೊರ್ಗೊತನನ್ನು ದ್ವಂದ್ವಕ್ಕೆ ಕರೆದು, ಸಾಯುವ ಮುನ್ನ ಅವನಿಗೆ ಏಳು ಗಾಯ ಮಾಡಿದ. ಲೂಥಿಯೆನ್ ಎಂಬ ರಾಜಕುಮಾರಿಯ ಕೈಯಲ್ಲಿ ಕತ್ತಿಯೂ ಇರಲಿಲ್ಲ. ತನ್ನ ಹಾಡಿನಿಂದ ಅದೇ ಮೊರ್ಗೊತನನ್ನು ಅವನ ಆಸ್ಥಾನದಲ್ಲೇ ನಿದ್ರೆಗೆ ಕೆಡವಿದಳು. ಆ ಬಳಿಕ ಮನುಷ್ಯನಾದ ಬೆರೆನ್‌ನ ಮೇಲಿನ ಪ್ರೀತಿಗಾಗಿ ತನ್ನ ಅಮರತ್ವವನ್ನೇ ತೊರೆದಳು. ಟೋಲ್ಕೀನ್ ದಂಪತಿಗಳ ಸಮಾಧಿಯ ಕಲ್ಲಿನ ಮೇಲೆ ಇಂದಿಗೂ ಲೂಥಿಯೆನ್, ಬೆರೆನ್ ಎಂಬ ಹೆಸರುಗಳಿವೆ.

ಇವರೆಲ್ಲರ ಕಥೆಯನ್ನು ಆ ಸಂಜೆ ಹೇಳಿದೆ. ಹುಡುಗನಿಗೆ ಫೆಯನೋರನೇ ಹಿಡಿಸಿದ. ಅದು ಸಹಜ. ಆದ್ದರಿಂದ ಫೆಯನೋರನ ಕಥೆಯನ್ನು ಕೊನೆಯವರೆಗೆ ಹೇಳಬೇಕಾಯಿತು.

ಮೊರ್ಗೊತನು ಆ ದಿವ್ಯ ವೃಕ್ಷಗಳನ್ನು ನಾಶಮಾಡಿದ. ಲೋಕ ಕತ್ತಲಾಯಿತು. ಆ ವೃಕ್ಷಗಳ ಬೆಳಕು ಉಳಿದದ್ದು ಮೂರು ಸಿಲ್ಮರಿಲ್‌ಗಳಲ್ಲಿ ಮಾತ್ರ. ವೃಕ್ಷಗಳನ್ನು ಬೆಳೆಸಿದ ಯವನ್ನಾ ದೇವಿ, ಆ ರತ್ನಗಳನ್ನು ಒಡೆದರೆ ವೃಕ್ಷಗಳು ಬದುಕುತ್ತವೆ ಎಂದಳು. ಫೆಯನೋರ್ ಒಪ್ಪಲಿಲ್ಲ. ಹೃದಯವನ್ನೇ ಸುರಿದು ಮಾಡಿದ್ದನ್ನು ಒಬ್ಬನು ಬಾಳಿನಲ್ಲಿ ಒಂದೇ ಸಲ ಮಾಡಬಲ್ಲ, ಅದನ್ನು ಒಡೆದರೆ ತನ್ನ ಹೃದಯವೂ ಒಡೆದುಹೋಗುವುದು ಎಂಬುದು ಅವನ ವಾದ. ಅವನು ಹೀಗೆ ಹೇಳುವ ಹೊತ್ತಿಗಾಗಲೇ ಮೊರ್ಗೊತನು ಅವನ ತಂದೆಯನ್ನು ಕೊಂದು ರತ್ನಗಳನ್ನು ಕದ್ದೊಯ್ದಿದ್ದ. ಸುದ್ದಿ ಮಾತ್ರ ಇನ್ನೂ ಬಂದಿರಲಿಲ್ಲ. ಅಂದರೆ ಅವನು ಒಪ್ಪಿದ್ದರೂ ವೃಕ್ಷಗಳು ಬದುಕುತ್ತಿರಲಿಲ್ಲ. ಆದರೆ ಆ ಒಪ್ಪಿಗೆಯಿಂದ ಅವನ ಮುಂದಿನ ಬಾಳು ಬೇರೆಯಾಗಬಹುದಿತ್ತು ಎಂದು ಕಥೆ ಸೂಚಿಸುತ್ತದೆ. ಕೊಡುವ ಮನಸ್ಸು, ಕೊಟ್ಟ ವಸ್ತು ಪ್ರಯೋಜನಕ್ಕೆ ಬರುವ ಮೊದಲೇ, ಕೊಡುವವನನ್ನು ಮಾರ್ಪಡಿಸುತ್ತದೆ. ದೇವಾಲಯದ ಕಾಣಿಕೆಪೆಟ್ಟಿಗೆಗೆ ಎರಡು ಕಾಸು ಹಾಕಿದ ವಿಧವೆಯನ್ನು ನೋಡಿದ ಪ್ರಭು ಯೇಸು, ಆ ಹಣದ ಮೊತ್ತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂಬುದು ನಮಗೆಲ್ಲ ಗೊತ್ತು.

ಇಲ್ಲಿಯವರೆಗೆ ಫೆಯನೋರನ ಬಗ್ಗೆ ನಮಗೆ ಕನಿಕರ ಇರುತ್ತದೆ. ಮುಂದಿನದು ಭಯಂಕರ. ರತ್ನಗಳನ್ನು ಮರಳಿ ಪಡೆಯಲು ಅವನೂ ಅವನ ಏಳು ಗಂಡುಮಕ್ಕಳೂ ಘೋರ ಶಪಥ ಮಾಡಿದರು. ಸಮುದ್ರ ದಾಟಲು ಹಡಗು ಬೇಕು. ಕಡಲತೀರದಲ್ಲಿ ತೆಲೆರಿ ಎಂಬ ಎಲ್ಫ್ ಜನಾಂಗವಿತ್ತು. ಅವರು ಹಾಡುಗಾರರು, ನಾವಿಕರು. ಬಿಳಿ ಹಡಗುಗಳೇ ಅವರ ಸರ್ವಸ್ವ. ಫೆಯನೋರ್ ಹಡಗುಗಳನ್ನು ಕೇಳಿದ. ಅವರ ಅರಸ ಓಲ್ವೆ ಕೊಡಲಾರೆನೆಂದ. ನಿಮಗೆ ನಿಮ್ಮ ರತ್ನಗಳು ಹೇಗೋ ನಮಗೆ ಈ ಹಡಗುಗಳು ಹಾಗೆ, ಇಂಥವನ್ನು ನಾವು ಮತ್ತೊಮ್ಮೆ ಮಾಡಲಾರೆವು ಎಂಬುದು ಅವನ ಉತ್ತರದ ಸಾರ. ತಾನು ಯವನ್ನಾಳಿಗೆ ಹೇಳಿದ್ದ ಮಾತನ್ನೇ ಫೆಯನೋರ್ ಈಗ ಇನ್ನೊಬ್ಬನ ಬಾಯಿಂದ ಕೇಳಿದ. ಆದರೆ ಅದು ಅವನ ಕಿವಿಗೆ ಬೀಳಲಿಲ್ಲ. ಕತ್ತಿ ಹಿರಿದು, ಸ್ವಜನರನ್ನೇ ಕೊಂದು, ಹಡಗುಗಳನ್ನು ಕಿತ್ತುಕೊಂಡ. ಆಚೆ ದಡ ಸೇರಿದ ಮೇಲೆ ಅವೇ ಹಡಗುಗಳಿಗೆ ಬೆಂಕಿಯಿಟ್ಟ.

ನಾನು ಇಷ್ಟು ಹೇಳುವಾಗ ಅಜ್ಜಿ ತಲೆಯೆತ್ತಿದರು. ‘ಕೇಳಿದಾಗ ಇಲ್ಲ ಅಂದರೆ ಬಿಡಬೇಕಲ್ಲ, ಫಾದರ್. ಬಿಡದಿದ್ದರೆ ಅದು ಕೇಳಿದ್ದು ಹೇಗಾಯಿತು?’ ಎಂದರು.

ಆ ಮಾತು ಎಲ್ಲಿಂದ ಬಂತೆಂದು ಆ ಮನೆಯವರಿಗೆ ಗೊತ್ತು, ನನಗೂ ಗೊತ್ತು. ಗಣೇಶಗುಡಿಗೆ ಬಂದವರಿಗೆ ಮೊದಲು ಕಾಣುವುದು ಕಾಳಿ ನದಿಗೆ ಕಟ್ಟಿದ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು. 1980ರ ದಶಕದಲ್ಲಿ ಅದರ ಹಿಂದೆ ನೀರು ನಿಂತಾಗ ತಾಲೂಕಿಗೆ ಹೆಸರು ಕೊಟ್ಟಿದ್ದ ಸೂಪಾ ಪಟ್ಟಣವೇ ಮುಳುಗಿತು, ಸುತ್ತಲಿನ ಹಳ್ಳಿಗಳು ಮುಳುಗಿದವು. ಅನೇಕರು ರಾಮನಗರಕ್ಕೆ ಹೋದರು. ಅಜ್ಜಿಯ ತವರೂರು ಆ ನೀರಿನ ಕೆಳಗಿದೆ. ಅಣೆಕಟ್ಟಿನಿಂದ ನಾಡಿಗೆ ಬೆಳಕು ಬಂದದ್ದು ನಿಜ. ಆ ಬೆಳಕಿನಲ್ಲೇ ನಾನು ಇದನ್ನು ಬರೆಯುತ್ತಿದ್ದೇನೆ. ಅಣೆಕಟ್ಟನ್ನು ಕಟ್ಟಿದವರನ್ನು ಫೆಯನೋರನಿಗೆ ಹೋಲಿಸುವುದು ನನ್ನ ಉದ್ದೇಶವಲ್ಲ. ಅದು ಅನ್ಯಾಯದ ಹೋಲಿಕೆಯಾದೀತು. ಆದರೆ ಮುಳುಗಡೆಯಾದವರನ್ನು ಕುರಿತು ನಾವು ‘ತ್ಯಾಗ’ ಎಂಬ ಪದವನ್ನು ಎಷ್ಟು ಹಗುರವಾಗಿ ಬಳಸುತ್ತೇವೆ! ತ್ಯಾಗವೆಂದರೆ ಒಬ್ಬನು ತಾನೇ ಕೊಡುವುದು. ಬೇಡವೆನ್ನುವ ಹಕ್ಕಿಲ್ಲದವನಿಂದ ಪಡೆದದ್ದಕ್ಕೆ ಆ ಹೆಸರು ಸಲ್ಲದು. ಪವಿತ್ರ ಗ್ರಂಥದಲ್ಲಿ ಅರಸರ ಮೊದಲನೆಯ ಗ್ರಂಥದ 21ನೇ ಅಧ್ಯಾಯ ಇದನ್ನೇ ಹೇಳುತ್ತದೆ. ಅರಸ ಆಹಾಬನು ನಾಬೋತನ ದ್ರಾಕ್ಷಿತೋಟವನ್ನು ಬೆಲೆಕೊಟ್ಟೇ ಕೇಳಿದ. ಪಿತ್ರಾರ್ಜಿತವನ್ನು ಕೊಡಲಾರೆನೆಂದು ನಾಬೋತ ಹೇಳಿದ. ಆ ‘ಇಲ್ಲ’ ಅವನ ಪ್ರಾಣಕ್ಕೆ ಎರವಾಯಿತು. ಟೋಲ್ಕೀನರು ಓಲ್ವೆಯ ಮಾತನ್ನು ಬರೆಯುವಾಗ ನಾಬೋತ ಅವರ ನೆನಪಿನಲ್ಲಿದ್ದನೋ ಏನೋ, ನಮ್ಮ ಓದಿನಲ್ಲಂತೂ ಅವರಿಬ್ಬರೂ ಅಣ್ಣತಮ್ಮಂದಿರು.

ಹಾಗಾದರೆ ನಿಜವಾಗಿ ಕೊಡಬಲ್ಲವರು ಈ ಗಾಥೆಯಲ್ಲಿ ಯಾರು? ಗಲಾಡ್ರಿಯೆಲ್ ಎಂದು ಹೆಚ್ಚಿನ ಓದುಗರು ಹೇಳುತ್ತಾರೆ. ಅದಕ್ಕೆ ಕಾರಣವಿದೆ. 1980ರಲ್ಲಿ ಪ್ರಕಟವಾದ ‘ಅನ್‌ಫಿನಿಶ್ಡ್ ಟೇಲ್ಸ್’ ಗ್ರಂಥದಲ್ಲಿ ಒಂದು ಸಂಗತಿಯಿದೆ. ಅವಳ ಕೂದಲಲ್ಲಿ ಆ ದಿವ್ಯ ವೃಕ್ಷಗಳ ಬೆಳಕೇ ಸಿಕ್ಕಿಕೊಂಡಂತಿತ್ತು. ಫೆಯನೋರ್ ಮೂರು ಸಲ ಬೇಡಿದರೂ ಅವಳು ಒಂದೆಳೆಯನ್ನೂ ಕೊಡಲಿಲ್ಲ. ಯುಗಗಳು ಕಳೆದ ಮೇಲೆ ಗಿಮ್ಲಿ ಎಂಬ ಕುಳ್ಳನು ಬಹಳ ಸಂಕೋಚದಿಂದ ಒಂದೆಳೆ ಕೇಳುತ್ತಾನೆ. ಕುಳ್ಳರಿಗೂ ಎಲ್ಫರಿಗೂ ಹಳೆಯ ವೈರ. ಆದರೂ ಅವನಿಗೆ ಅವಳು ಮೂರೆಳೆ ಕೊಡುತ್ತಾಳೆ. ಸ್ವಾಮ್ಯಕ್ಕಾಗಿ ಬೇಡಿದವನಿಗೆ ಇಲ್ಲದ್ದು ಗೌರವದಿಂದ ಕೇಳಿದವನಿಗೆ ಸಿಕ್ಕಿತು.

ಯೌವನದಲ್ಲಿ ಗಲಾಡ್ರಿಯೆಲ್ ಶಪಥ ಮಾಡಿದವಳಲ್ಲ. ಆದರೆ ತನ್ನದೇ ಒಂದು ರಾಜ್ಯವನ್ನು ಆಳಬೇಕೆಂಬ ಆಸೆಯಿಂದ ಬಂಡಾಯಗಾರರೊಂದಿಗೆ ಹೊರಟವಳು. ಕೊನೆಗೆ ಫ್ರೊಡೊ ಎಂಬ ಪುಟ್ಟ ಜೀವಿ, ಸರ್ವಾಧಿಕಾರದ ಉಂಗುರವನ್ನು ಅವಳ ಮುಂದೆ ಹಿಡಿದಾಗ ಅವಳು ಅದನ್ನು ನಿರಾಕರಿಸುತ್ತಾಳೆ. ಆ ಉಂಗುರ ನಾಶವಾದರೆ ತಾನು ಕಾಪಾಡಿಕೊಂಡು ಬಂದ ನಾಡೂ ಮಾಸಿಹೋಗುವುದೆಂದು ಅವಳಿಗೆ ಗೊತ್ತು. ತಿಳಿದೇ ಬಿಟ್ಟುಕೊಟ್ಟಳು. ಅದು ತ್ಯಾಗ.

ಇಲ್ಲಿ ಲೇಖಕರೊಂದಿಗೆ ನನ್ನದೊಂದು ಭಿನ್ನಾಭಿಪ್ರಾಯವಿದೆ. 1971ರ ಒಂದು ಪತ್ರದಲ್ಲಿ ಟೋಲ್ಕೀನರು, ಗಲಾಡ್ರಿಯೆಲ್ ಪಾತ್ರ ಮಾತೆ ಮರಿಯಳ ಕುರಿತಾದ ಕಥೋಲಿಕ ಭಾವನೆಗೆ ಋಣಿಯೆಂದು ಒಪ್ಪುತ್ತಲೇ, ಅವಳು ಪಶ್ಚಾತ್ತಾಪಿ ಎಂಬುದನ್ನು ನೆನಪಿಸಿದ್ದರು. 1973ರಲ್ಲಿ, ತೀರಿಕೊಳ್ಳುವ ಕೆಲವೇ ವಾರಗಳ ಮೊದಲು, ಅವಳನ್ನು ಯಾವ ಕೆಡುಕೂ ಸೋಂಕದವಳೆಂದು ಬದಲಿಸಲು ಹೊರಟರು. ಮಾತೆಯ ಮೇಲಿನ ಭಕ್ತಿ ಅವರನ್ನು ಹಾಗೆ ನಡೆಸಿರಬಹುದು. ಆದರೂ ಆ ಬದಲಾವಣೆ ಪಾತ್ರಕ್ಕೆ ನಷ್ಟವನ್ನೇ ತಂದಿತು ಎನ್ನುತ್ತೇನೆ. ಎಂದೂ ರಾಜ್ಯವನ್ನು ಬಯಸದವಳು ಉಂಗುರವನ್ನು ಬೇಡವೆಂದರೆ ಅದರಲ್ಲಿ ಹೋರಾಟವೇನಿದೆ? ಪಾಪನಿವೇದನೆಯ ಪೀಠದಲ್ಲಿ ಅನೇಕ ವರ್ಷ ಕುಳಿತವನಾಗಿ ಹೇಳುತ್ತೇನೆ, ಮರಳಿ ಬಂದವರ ಬಲ ನನಗೆ ಗೊತ್ತು.

ಆದರೂ ಹುಡುಗನ ಪ್ರಶ್ನೆಗೆ ನನ್ನ ಉತ್ತರ ಗಲಾಡ್ರಿಯೆಲ್ ಅಲ್ಲ. ‘ಸಿಲ್ಮರಿಲಿಯನ್’ ಗ್ರಂಥದ ಕೊನೆಯ ಭಾಗದಲ್ಲಿ ಸುಲಭವಾಗಿ ಕಣ್ಣು ತಪ್ಪಿಸುವ ಒಂದು ಸಂಗತಿಯಿದೆ. ಫೆಯನೋರನ ಜನ ಯುದ್ಧದಲ್ಲಿ ನುಚ್ಚುನೂರಾಗಿ, ಲೋಕವೆಲ್ಲ ಮೊರ್ಗೊತನ ವಶವಾಗುವ ಹೊತ್ತು. ಪಡುವಣದಿಂದ ಮಹಾಸೈನ್ಯವೊಂದು ನೆರವಿಗೆ ಹೊರಡುತ್ತದೆ. ಅದು ಸಮುದ್ರ ದಾಟಬೇಕು. ಮತ್ತೆ ಹಡಗು ಬೇಕು. ಹಡಗುಗಳಿರುವುದು ಅದೇ ತೆಲೆರಿಗಳ ಬಳಿ. ತಮ್ಮವರ ರಕ್ತ ಚೆಲ್ಲಿದ್ದನ್ನು ಅವರು ಮರೆತಿರಲಿಲ್ಲ. ಯುದ್ಧಕ್ಕೆ ಹೋಗಲು ಅವರಲ್ಲಿ ಹೆಚ್ಚಿನವರಿಗೆ ಮನಸ್ಸಿರಲಿಲ್ಲ. ಆದರೆ ತಮ್ಮ ರಕ್ತಸಂಬಂಧಿಯಾದ ಎಲ್ವಿಂಗ್ ಎಂಬ ಹೆಣ್ಣುಮಗಳ ಮಾತಿಗೆ ಓಗೊಟ್ಟು, ಹಡಗು ನಡೆಸಲು ಸಾಕಷ್ಟು ನಾವಿಕರನ್ನು ಕಳುಹಿಸಿದರು. ಆ ನಾವಿಕರು ಹಡಗಿನಲ್ಲೇ ಉಳಿದರು. ಆಚೆಯ ನೆಲಕ್ಕೆ ಒಬ್ಬರೂ ಕಾಲಿಡಲಿಲ್ಲ.

ಕೊಂದವರ ಸಂತತಿ ಬದುಕಿದ್ದ ನೆಲವನ್ನು ಉಳಿಸಲು, ಕಳೆದುಕೊಂಡವರೇ ಹಡಗು ಕೊಟ್ಟರು. ಈ ಬಾರಿ ಯಾರೂ ಕತ್ತಿ ಹಿಡಿದು ನಿಂತಿರಲಿಲ್ಲ. ಇಲ್ಲವೆನ್ನಬಹುದಿತ್ತು, ಹೌದೆಂದರು. ನೆಲಕ್ಕೆ ಕಾಲಿಡದಿದ್ದುದೂ ನನಗೆ ಮುಖ್ಯವಾಗಿ ತೋರುತ್ತದೆ. ಗಾಯ ಮಾಯವಾಯಿತೆಂದು ನಟಿಸಬೇಕೆಂದು ಯಾರೂ ಅವರನ್ನು ಒತ್ತಾಯಿಸಲಿಲ್ಲ. ಕ್ಷಮೆಯನ್ನು ಬೋಧಿಸುವ ನಾವು ಗುರುಗಳು ಅನೇಕ ಸಲ ಈ ತಾಳ್ಮೆಯನ್ನು ಮರೆಯುತ್ತೇವೆ. ನೊಂದವರು ಒಂದು ಹೆಜ್ಜೆ ಇಟ್ಟರೆ ಸಾಲದು, ಹತ್ತು ಹೆಜ್ಜೆ ಇಡಲಿ ಎನ್ನುತ್ತೇವೆ.

ಈ ಪ್ರಸಂಗಕ್ಕೆ ಟೋಲ್ಕೀನರು ಕೊಟ್ಟಿರುವುದು ಕೆಲವೇ ಸಾಲುಗಳು. ಇದು ಗ್ರಂಥದ ದೊಡ್ಡ ಕೊರತೆಯೆಂದು ನಾನು ಭಾವಿಸುತ್ತೇನೆ. ಫೆಯನೋರನ ಏಳೂ ಮಕ್ಕಳ ಹೆಸರು ನಮಗೆ ಗೊತ್ತು. ಆ ಮಕ್ಕಳಲ್ಲಿ ಕೊನೆಗುಳಿದ ಇಬ್ಬರು ರತ್ನಗಳನ್ನು ಕದ್ದಾಗ ಅವು ಅವರ ಕೈಗಳನ್ನೇ ಸುಟ್ಟವು, ಒಬ್ಬನು ರತ್ನದೊಂದಿಗೆ ಬೆಂಕಿಯ ಕಮರಿಗೆ ಹಾರಿದ, ಇನ್ನೊಬ್ಬನು ರತ್ನವನ್ನು ಕಡಲಿಗೆಸೆದು ಹಾಡುತ್ತ ಅಲೆದ ಎಂಬುದೂ ಗೊತ್ತು. ಹಡಗು ನಡೆಸಿದ ಒಬ್ಬ ತೆಲೆರಿಯ ಹೆಸರೂ ಅಲ್ಲಿಲ್ಲ. ಆ ಯುದ್ಧದ ಕೊನೆಗೆ ಬೆಲೆರಿಯಂಡ್ ಎಂಬ ನಾಡಿನ ಬಹುಭಾಗ ಸಮುದ್ರದಲ್ಲಿ ಮುಳುಗಿತು. ಗಾಥೆಗಳು ವೀರರ ಹೆಸರನ್ನು ಉಳಿಸಿಕೊಳ್ಳುತ್ತವೆ. ಮುಳುಗಿದ ನಾಡಿನಲ್ಲಿ ಬಾಳಿದವರನ್ನು, ದೋಣಿ ನಡೆಸಿದವರನ್ನು ನೆನೆಯುವ ಕೆಲಸ ಓದುಗನ ಪಾಲಿಗೆ ಬರುತ್ತದೆ.

ಆದ್ದರಿಂದ ಹುಡುಗನಿಗೆ ಹೇಳಿದೆ: ‘ಎಲ್ಫರಲ್ಲಿ ಬಲಿಷ್ಠರು ಆ ನಾವಿಕರು.’ ಅವನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ‘ಅವರು ಯಾರನ್ನೂ ಸೋಲಿಸಲಿಲ್ಲವಲ್ಲ, ಫಾದರ್’ ಎಂದ. ಮಹಾಭಾರತದ ಯಕ್ಷಪ್ರಶ್ನೆಯನ್ನು ನೆನಪಿಸಿದೆ. ಕೊಳದ ದಡದಲ್ಲಿ ಭೀಮಾರ್ಜುನರಂಥವರೇ ಬಿದ್ದರು. ಒಬ್ಬ ತಮ್ಮನನ್ನು ಮಾತ್ರ ಬದುಕಿಸುವೆನೆಂದು ಯಕ್ಷ ಹೇಳಿದಾಗ, ಧರ್ಮರಾಯ ಮಲತಾಯಿಯ ಮಗ ನಕುಲನನ್ನು ಕೇಳಿಕೊಂಡ. ಅದರಿಂದ ಎಲ್ಲರೂ ಬದುಕಿದರು. ಅವನು ತಾನೇ ಯಾರನ್ನು ಸೋಲಿಸಿದ?

ಪ್ರಿಯ ಓದುಗರೇ, ನಿಮ್ಮ ಮನೆಯ ಮಕ್ಕಳು ಇಂಥ ಕಥೆಗಳನ್ನು ನೋಡುತ್ತಿದ್ದರೆ ಬೇಡವೆನ್ನಬೇಡಿ. ಜೊತೆಗೆ ಕುಳಿತು ನೋಡಿ. ಯಾರು ಗೆದ್ದರು ಎಂದು ಅವರು ಕೇಳಿದಾಗ, ಯಾರು ಕೊಟ್ಟರು, ಯಾರಿಂದ ಕಿತ್ತುಕೊಂಡರು ಎಂದು ನೀವು ಕೇಳಿ.

ಆ ಸಂಜೆ ನಾನು ಕೊಡೆ ಬಿಡಿಸಿ ಹೊರಡುವಾಗ ಹುಡುಗ ಮೊಬೈಲನ್ನು ಬದಿಗಿಟ್ಟು ಅಜ್ಜಿಯನ್ನು ಕೇಳುತ್ತಿದ್ದ: ‘ನಿಮ್ಮ ಊರಲ್ಲಿ ಎಷ್ಟು ಮನೆಗಳಿದ್ದವು?’ ಅಜ್ಜಿ ಬೆರಳು ಮಡಿಸುತ್ತ, ಒಂದೊಂದೇ ಮನೆಯ ಹೆಸರು ಹೇಳತೊಡಗಿದ್ದರು.