ಸೇವೆಯೆಂಬ ಮಾತೂ ಸಂಘಟನೆಯ ಹಕ್ಕೂ: ಖಾಸಗಿ ಶಾಲೆಗಳ ಇಂಗ್ಲಿಷ್ ಶಿಕ್ಷಕರ ಕುರಿತು ಒಂದು ವಿಮರ್ಶೆ

ಶಿಕ್ಷಕನ ವೃತ್ತಿಯು ಸೇವೆ. ಸೇವೆಗೆ ಬೆಲೆ ಕಟ್ಟಲಾಗದು. ಆದುದರಿಂದ ಬೆಲೆಯ ಸಲುವಾಗಿ ಸಂಘ ಕಟ್ಟುವುದು ಆ ವೃತ್ತಿಗೆ ಒಪ್ಪತಕ್ಕುದಲ್ಲ. ಈ ವಾದವು ನಮ್ಮ ವಿದ್ಯಾಸಂಸ್ಥೆಗಳ ವೇದಿಕೆಗಳ ಮೇಲೆ ಇಂದಿಗೂ ಕೇಳಿಬರುತ್ತದೆ. ಇದನ್ನು ಆಡುವವರೆಲ್ಲ ಸ್ವಾರ್ಥಿಗಳೆಂದು ನಾವು ಹೇಳುವುದಿಲ್ಲ. ಈ ವಾದಕ್ಕೆ ನಮ್ಮ ಪ್ರಾಂತದಲ್ಲಿ ಒಂದು ಗೌರವಾನ್ವಿತವಾದ ಇತಿಹಾಸವೇ ಇದೆ. ಆದರೆ ಆ ಇತಿಹಾಸವನ್ನು ಪೂರ್ಣವಾಗಿ ಓದಿದರೆ ವಾದವು ನಿಲ್ಲುವುದೇ ಎಂಬುದನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಪರೀಕ್ಷೆಗೆ ನಾವು ಆರಿಸಿಕೊಂಡಿರುವುದು ಅನುದಾನವಿಲ್ಲದ ಖಾಸಗಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವವರ ಸ್ಥಿತಿಯನ್ನು.

ಬೀಳಗಿ ತಾಲೂಕಿನ ಅನಗವಾಡಿಯು ಘಟಪ್ರಭೆಯ ದಂಡೆಯ ಮೇಲಿನ ಊರು. ವಿಜಯಪುರದಿಂದ ಬಾಗಲಕೋಟೆಯ ಕಡೆಗೆ ಬರುವ ಹೆದ್ದಾರಿಯು ಇಲ್ಲಿ ನದಿಯನ್ನು ದಾಟುತ್ತದೆ. ಬೆಳಗಿನ ಹೊತ್ತು ಈ ಹಾದಿಯಲ್ಲಿ ನಿಂತು ನೋಡಿದವರಿಗೆ ಶಾಲೆಗಳ ಹಳದಿ ವಾಹನಗಳೂ, ಅವುಗಳಲ್ಲಿಯೇ ಮಕ್ಕಳ ನಡುವೆ ಕುಳಿತ ತರುಣ ಶಿಕ್ಷಕಿಯರೂ ಕಾಣಸಿಗುವರು. ಇಂತಹವರೊಬ್ಬರನ್ನು ನಾವು ಸಂಘದ ವಿಷಯವಾಗಿ ಕೇಳಿದಾಗ ಬಂದ ಉತ್ತರವಿದು: “ಸಂಘಾ ಅಂತ ಹೆಸರ ತಗೊಂಡ್ರ ನಾಳಿ ನಮ್ಮ ಜಾಗಾಕ್ಕ ಬ್ಯಾರೆಯವ್ರು ಬರ್ತಾರ್ರಿ, ಸರ್.” ಅವರ ಮೂಲ ಪ್ರಮಾಣಪತ್ರಗಳು ಶಾಲೆಯ ಕಪಾಟಿನಲ್ಲಿದ್ದವು. ಮೇ ತಿಂಗಳ ಸಂಬಳವು ಅವರಿಗೆ ಇರಲಿಲ್ಲ. ನೇಮಕದ ಆದೇಶವೆಂಬ ಕಾಗದವನ್ನು ಅವರು ಕಂಡಿರಲಿಲ್ಲ. ಶಾಲೆಯ ಹೆಸರು ಇಲ್ಲಿ ಅಪ್ರಸ್ತುತ. ಒಂದು ಶಾಲೆಯನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ.

ಮೊದಲು ಇತಿಹಾಸ. ಪುಣೆಯಲ್ಲಿ 1884ರಲ್ಲಿ ಸ್ಥಾಪಿತವಾದ ಡೆಕ್ಕನ್ ಎಜ್ಯುಕೇಶನ್ ಸೊಸೈಟಿಯು ಮುಂಬಯಿ ಪ್ರಾಂತದ ಖಾಸಗಿ ಶಿಕ್ಷಣಕ್ಕೆ ಒಂದು ಮಾದರಿಯನ್ನು ಹಾಕಿಕೊಟ್ಟಿತು. ಅದರ ಆಜೀವ ಸದಸ್ಯರು ಅಲ್ಪ ವೇತನಕ್ಕೆ ತಮ್ಮ ಆಯುಷ್ಯದ ಉತ್ತಮ ವರ್ಷಗಳನ್ನು ಸಂಸ್ಥೆಗೆ ಕೊಡಲು ಒಪ್ಪಿಕೊಂಡವರು. ನಮ್ಮ ಭಾಗದಲ್ಲಿ ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 1906ರಲ್ಲಿ ಹುಟ್ಟಿತು. ಬೆಳಗಾವಿಯ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು 1916ರಲ್ಲಿ ಕಟ್ಟಿದವರು ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ಏಳು ಜನ ಶಿಕ್ಷಕರು. ಜನರು ಅವರನ್ನು ಸಪ್ತರ್ಷಿಗಳೆಂದೇ ಕರೆದರು. ಸೇವೆಯೆಂಬ ಮಾತಿಗೆ ಉತ್ತರ ಕರ್ನಾಟಕದಲ್ಲಿರುವ ತೂಕವು ಇಂತಹ ಮಹನೀಯರಿಂದ ಬಂದುದು.

ಆದರೆ ವಾಚಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಶಿಕ್ಷಕರು ತ್ಯಾಗ ಮಾಡಿದ್ದು ತಾವೇ ಕಟ್ಟಿದ ಸಂಸ್ಥೆಗಾಗಿ. ಎಷ್ಟು ವೇತನ ಪಡೆಯಬೇಕು, ಹಣವನ್ನು ಯಾವುದಕ್ಕೆ ವ್ಯಯಿಸಬೇಕು ಎಂಬುದನ್ನು ನಿರ್ಣಯಿಸುವಾಗ ಅವರಿಗೆ ಮಾತಿತ್ತು. ಡೆಕ್ಕನ್ ಸೊಸೈಟಿಯಲ್ಲಿ ಸದಸ್ಯರ ಹೊರಗಿನ ಸಂಪಾದನೆ ಮೊದಲಾದ ವಿಷಯಗಳಲ್ಲಿ ಭಿನ್ನಾಭಿಪ್ರಾಯವುಂಟಾಗಿ ಲೋಕಮಾನ್ಯ ತಿಲಕರು 1890ರಲ್ಲಿ ರಾಜೀನಾಮೆಯಿತ್ತರು. ಅಲ್ಲಿ ತ್ಯಾಗದ ಪ್ರಮಾಣವೂ ಸಮಾನರ ನಡುವೆ ಚರ್ಚೆಗೆ ಒಳಪಟ್ಟಿತ್ತು. ಅದು ಮೇಲಿನಿಂದ ಬಂದ ಅಪ್ಪಣೆಯಾಗಿರಲಿಲ್ಲ. ಇಂದಿನ ಶಿಕ್ಷಕಿಯಿಂದ ತ್ಯಾಗವನ್ನು ಅಪೇಕ್ಷಿಸಲಾಗುತ್ತಿದೆ. ಆಡಳಿತ ಮಂಡಳಿಯಲ್ಲಿ ಆಕೆಗೆ ಆಸನವಿಲ್ಲ. ಸ್ಥಾಪಕರ ಆದರ್ಶದ ಒಂದರ್ಧವನ್ನು ಮಾತ್ರ ಉಳಿಸಿಕೊಂಡು ಇನ್ನೊಂದರ್ಧವನ್ನು ಕೈಬಿಟ್ಟಿರುವುದೇ ಈ ವಾದದ ಮೊದಲನೆಯ ದೋಷ.

ಎರಡನೆಯ ದೋಷವು ಕಾನೂನಿನೊಳಗೆ ಸೇರಿಕೊಂಡಿದೆ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯು ಕಾರ್ಮಿಕನಿಗೆ ರಕ್ಷಣೆಯನ್ನಿತ್ತಿತು. ಶಿಕ್ಷಣವು ಉದ್ಯಮವೇ ಎಂಬ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯವು ದೆಹಲಿ ವಿಶ್ವವಿದ್ಯಾಲಯದ ಬಸ್ಸು ಚಾಲಕರ ಮೊಕದ್ದಮೆಯಲ್ಲಿ, 1963ರಲ್ಲಿ, ಅಲ್ಲವೆಂದಿತು. ಬೆಂಗಳೂರು ನೀರು ಸರಬರಾಜು ಮಂಡಲಿಯ ಪ್ರಸಿದ್ಧ ಮೊಕದ್ದಮೆಯಲ್ಲಿ, 1978ರಲ್ಲಿ, ಆ ನಿರ್ಣಯವನ್ನು ಬದಿಗಿಟ್ಟು ವಿದ್ಯಾಸಂಸ್ಥೆಯೂ ಉದ್ಯಮವೇ ಎಂದಿತು. ಆದರೆ ಗೋವೆಯ ಖಾಸಗಿ ಶಾಲೆಯೊಂದರ ಶಿಕ್ಷಕಿ ಸುಂದರಾಂಬಾಳರ ಮೊಕದ್ದಮೆಯಲ್ಲಿ, 1988ರಲ್ಲಿ, ಶಾಲೆಯು ಉದ್ಯಮವಾದರೂ ಶಿಕ್ಷಕಿಯು ಕಾರ್ಮಿಕಳಲ್ಲವೆಂಬ ತೀರ್ಪು ಬಂದಿತು. ಮಕ್ಕಳ ಶೀಲವನ್ನು ರೂಪಿಸುವ ಉದಾತ್ತ ವೃತ್ತಿಯು ಕೌಶಲದ ದುಡಿಮೆಯೂ ಅಲ್ಲ, ಗುಮಾಸ್ತಿಕೆಯೂ ಅಲ್ಲ ಎಂಬುದು ಅದರ ತಾತ್ಪರ್ಯ. ತತ್ಪರಿಣಾಮವಾಗಿ ಒಂದೇ ಶಾಲೆಯ ವಾಹನ ಚಾಲಕನು ಕೈಗಾರಿಕಾ ನ್ಯಾಯಾಲಯದ ಮೆಟ್ಟಿಲನ್ನು ಹತ್ತಬಹುದು. ಅದೇ ವಾಹನದಲ್ಲಿ ಬರುವ ಶಿಕ್ಷಕಿಯು ಹತ್ತಲಾರಳು. ಗೌರವವೇ ಇಲ್ಲಿ ಹಕ್ಕಿಗೆ ಅಡ್ಡಿಯಾಗಿದೆ.

ಗ್ರಾಚ್ಯುಟಿಯ ವಿಷಯದಲ್ಲಿಯೂ ಇದೇ ತರ್ಕವು ಮರುಕಳಿಸಿತು. ಅಹಮದಾಬಾದಿನ ಖಾಸಗಿ ಪ್ರಾಥಮಿಕ ಶಿಕ್ಷಕರ ಸಂಘವು ಹೂಡಿದ ಮೊಕದ್ದಮೆಯಲ್ಲಿ, 2004ರಲ್ಲಿ, ಶಿಕ್ಷಕರು ಆ ಕಾಯಿದೆಯ ವ್ಯಾಖ್ಯೆಗೆ ಒಳಪಡುವುದಿಲ್ಲವೆಂದು ನಿರ್ಣಯವಾಯಿತು. ಸಂಸತ್ತು 2009ರಲ್ಲಿ ವ್ಯಾಖ್ಯೆಯನ್ನೇ ತಿದ್ದಿ, 1997ರ ಏಪ್ರಿಲ್ 3ರಿಂದ ಅನ್ವಯವಾಗುವಂತೆ ಮಾಡಿತು. ಖಾಸಗಿ ಶಾಲೆಗಳ ಒಕ್ಕೂಟವು ಇದನ್ನು ಪ್ರಶ್ನಿಸಿತಾದರೂ 2022ರಲ್ಲಿ ತಿದ್ದುಪಡಿಯು ಎತ್ತಿಹಿಡಿಯಲ್ಪಟ್ಟಿತು. ವ್ಯಾಖ್ಯೆಯು ಪ್ರಕೃತಿನಿಯಮವಲ್ಲ, ಅದನ್ನು ತಿದ್ದಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಾಗಿಲ್ಲ. ಸೋತ ಮೊಕದ್ದಮೆಯನ್ನು ಹೂಡಿದ್ದೂ ಒಂದು ಸಂಘವೇ ಎಂಬುದನ್ನು ಮರೆಯಬಾರದು.

ನಮ್ಮ ರಾಜ್ಯದಲ್ಲಿ ಶಿಕ್ಷಕರಿಗೆ ಬೇರೆ ರಕ್ಷಣೆಯಿದೆಯೆಂದು ಯಾರಾದರೂ ಹೇಳಬಹುದು. ಅದು ನಿಜ. 1975ರ ಖಾಸಗಿ ವಿದ್ಯಾಸಂಸ್ಥೆಗಳ ಕಾಯಿದೆಯೂ, ಅನಂತರ 1983ರಲ್ಲಿ ರಚಿತವಾಗಿ 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಕಾಯಿದೆಯೂ ವಿಚಾರಣೆಯಿಲ್ಲದೆ ಶಿಕ್ಷಕರನ್ನು ವಜಾ ಮಾಡಬಾರದೆಂದು ವಿಧಿಸಿದವು. ಎರಡನೆಯದರ 92ನೆಯ ಕಲಮು ವಿಚಾರಣೆಯ ಕ್ರಮವನ್ನೂ, 94ನೆಯದು ಶಿಕ್ಷಣ ನ್ಯಾಯಮಂಡಲಿಗೆ ಮೇಲ್ಮನವಿಯನ್ನೂ ಹೇಳುತ್ತವೆ. ಆದರೆ ಈ ರಕ್ಷಣೆಯು ಒಬ್ಬೊಬ್ಬರಿಗೆ, ಅದೂ ಕೆಲಸ ಹೋದ ಮೇಲೆ, ದೊರೆಯತಕ್ಕದ್ದು. ಸಂಬಳದ ದರದ ಬಗೆಗೆ ಶಿಕ್ಷಕರೆಲ್ಲರೂ ಕೂಡಿ ಆಡಳಿತದೊಡನೆ ಮಾತನಾಡುವ ದಾರಿಯನ್ನು ಅದು ತೆರೆಯುವುದಿಲ್ಲ. ನೇಮಕದ ಕಾಗದವೇ ಇಲ್ಲದವರು ವಜಾ ಆದುದನ್ನು ಸಿದ್ಧಪಡಿಸುವುದಾದರೂ ಹೇಗೆ?

ಹಾಗಾದರೆ ನಮ್ಮ ಶಿಕ್ಷಕರ ಸಂಘಗಳು ಏನು ಮಾಡಿದವು? ಅವು ಮುಖ್ಯವಾಗಿ ಹಿಡಿದದ್ದು ವಿಧಾನ ಪರಿಷತ್ತಿನ ಹಾದಿಯನ್ನು. ಸಂವಿಧಾನದ 171ನೆಯ ಅನುಚ್ಛೇದವು ಪರಿಷತ್ತಿನ ಹನ್ನೆರಡರಲ್ಲೊಂದು ಭಾಗವನ್ನು ಶಿಕ್ಷಕರಿಂದ ಆರಿಸಲು ಅವಕಾಶವನ್ನಿತ್ತಿದೆ. ಕರ್ನಾಟಕದಲ್ಲಿ ಇಂತಹ ಸ್ಥಾನಗಳು 7. ದೈಹಿಕ ಶಿಕ್ಷಕರಾಗಿದ್ದ ಬಸವರಾಜ ಹೊರಟ್ಟಿಯವರು 1980ರಿಂದ 2022ರವರೆಗೆ ಎಂಟು ಬಾರಿ ಶಿಕ್ಷಕರ ಕ್ಷೇತ್ರದಿಂದ ಆರಿಸಿ ಬಂದುದು ಈ ಮಾರ್ಗದ ಬಲಕ್ಕೆ ನಿದರ್ಶನ. ಈ ಮಾರ್ಗದಿಂದ ಅನುದಾನಿತ ಪ್ರೌಢಶಾಲೆಗಳ ಶಿಕ್ಷಕರಿಗೆ ಆದ ಪ್ರಯೋಜನವನ್ನು ಅಲ್ಲಗಳೆಯಲಾಗದು. ಆದರೆ ಅದೇ ಅನುಚ್ಛೇದವು ಮತದಾನದ ಹಕ್ಕನ್ನು ಪ್ರೌಢಶಾಲೆಗಿಂತ ಕೆಳಗಿನವರಿಗೆ ಕೊಟ್ಟಿಲ್ಲ. ಒಂದನೆಯ ಇಯತ್ತೆಗೆ ಇಂಗ್ಲಿಷ್ ಅಕ್ಷರಗಳನ್ನು ಕಲಿಸುವ ಶಿಕ್ಷಕಿಯು ಈ ಕ್ಷೇತ್ರದ ಮತದಾರಳೇ ಅಲ್ಲ. ಇದಲ್ಲದೆ, ಈ ಸಂಘಗಳ ಮುಖ್ಯ ಬೇಡಿಕೆಯು ಅನುದಾನ. 1995ರ ನಂತರದ ಕನ್ನಡ ಮಾಧ್ಯಮ ಶಾಲೆಗಳಿಗೂ ಅದು ದೊರೆಯಬೇಕೆಂಬ ಕೂಗು ನ್ಯಾಯವಾದುದೇ ಸರಿ. ಆದರೆ ಇಂಗ್ಲಿಷ್ ಮಾಧ್ಯಮದ ಶಾಲೆಯ ಶಿಕ್ಷಕರಿಗೆ ಈ ಬೇಡಿಕೆಯಲ್ಲಿ ಪಾಲಿಲ್ಲ. ಸರಕಾರದೊಡನೆ ವ್ಯವಹರಿಸುವುದನ್ನು ಕಲಿತ ಸಂಘವು ಖಾಸಗಿ ಆಡಳಿತದೊಡನೆ ವ್ಯವಹರಿಸುವುದನ್ನು ಕಲಿಯಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಪ್ರತಿಯಾಗಿ ಆಡಳಿತ ಮಂಡಳಿಗಳು ಸಂಘಟನೆಯ ಪಾಠವನ್ನು ಚೆನ್ನಾಗಿ ಕಲಿತಿವೆ. ರಾಜ್ಯದ ಭಾಷಾ ಮಾಧ್ಯಮ ನೀತಿಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದಲ್ಲಿ 2014ರಲ್ಲಿ ಗೆದ್ದವರು ಇಂಗ್ಲಿಷ್ ಮಾಧ್ಯಮ ಶಾಲೆಗಳ ಆಡಳಿತಗಳ ಸಂಘದವರು. ಆ ಶಾಲೆಗಳ ಒಡೆಯರಿಗೆ ಸಂಘವು ಒಪ್ಪುವುದಾದರೆ ಅಲ್ಲಿಯ ಶಿಕ್ಷಕರಿಗೆ ಅದು ಏಕೆ ಒಪ್ಪದು?

ಈ ಪ್ರಶ್ನೆಯನ್ನು ಹೊರದೇಶದ ಅನುಭವದೊಡನೆ ಹೋಲಿಸಿ ನೋಡುವುದು ಉಪಯುಕ್ತ. ಜಪಾನಿನಲ್ಲಿ ಇಂಗ್ಲಿಷ್ ಕಲಿಸಲು ಬಂದ ವಿದೇಶೀಯರು ಖಾಸಗಿ ಭಾಷಾಶಾಲೆಗಳಲ್ಲಿ ಅಲ್ಪಾವಧಿಯ ಕರಾರಿನ ಮೇಲೆ ದುಡಿಯುವರು. ಸಂಘ ಕಟ್ಟಲು ಇವರಿಗಿಂತ ಪ್ರತಿಕೂಲ ಸ್ಥಿತಿಯಲ್ಲಿರುವವರು ವಿರಳ. ಅಲ್ಲಿಯ ಬಹು ದೊಡ್ಡ ಸಂಸ್ಥೆಯಾದ ನೋವಾ 2007ರ ಅಕ್ಟೋಬರಿನಲ್ಲಿ ದಿವಾಳಿಯಾದಾಗ ಸುಮಾರು 4,000 ವಿದೇಶೀ ಶಿಕ್ಷಕರು ಬೀದಿಗೆ ಬಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಬರ್ಲಿಟ್ಜ್ ಶಾಲೆಗಳ ಶಿಕ್ಷಕರು ವೇತನದ ಹೆಚ್ಚಳಕ್ಕಾಗಿ ಸರದಿಯ ಮೇಲೆ ಮುಷ್ಕರ ಹೂಡಿದರು. ಸಂಸ್ಥೆಯು 2008ರಲ್ಲಿ 11 ಕೋಟಿ ಯೆನ್ ನಷ್ಟ ಕೇಳಿ ದಾವೆ ಹಾಕಿತು. ಟೋಕಿಯೋದ ನ್ಯಾಯಾಲಯವು 2012ರಲ್ಲಿ ಅದನ್ನು ತಳ್ಳಿಹಾಕಿತು. ಜಪಾನಿನ 1949ರ ಕಾರ್ಮಿಕ ಸಂಘಗಳ ಕಾಯಿದೆಯು, ಉದ್ಯೋಗ ಯಾವುದೇ ಇರಲಿ, ವೇತನದಿಂದ ಜೀವಿಸುವವನೇ ಕಾರ್ಮಿಕನೆನ್ನುತ್ತದೆ. ನಮ್ಮ ಕಾನೂನು ಆತನು ಯಾವ ಬಗೆಯ ಕೆಲಸ ಮಾಡುತ್ತಾನೆಂದು ಕೇಳುತ್ತದೆ. ಜಪಾನಿನ ಕಾನೂನು ಆತನು ಯಾವುದರಿಂದ ಬದುಕುತ್ತಾನೆಂದು ಕೇಳುತ್ತದೆ. ಎರಡರ ಅಂತರವೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

ಆದರೂ ಪ್ರತಿಪಕ್ಷದ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಒಕ್ಕಲುತನದ ಊರುಗಳಲ್ಲಿ ಕಬ್ಬಿನ ಬಿಲ್ಲು ಬಂದ ಮೇಲೆ ಫೀ ಕಟ್ಟುವ ಪಾಲಕರಿರುವರು. ಸಣ್ಣ ಶಾಲೆಯ ಬೊಕ್ಕಸವು ದೊಡ್ಡ ಬೇಡಿಕೆಯನ್ನು ತಾಳಲಾರದು; ನೋವಾದ ಪತನವು ತೋರಿಸಿದಂತೆ, ಸಂಸ್ಥೆಯೇ ಮುರಿದುಬಿದ್ದರೆ ಯಾವ ಹಕ್ಕೂ ಉಣ್ಣಲು ಬರುವುದಿಲ್ಲ. ಆದರೆ ಬೊಕ್ಕಸದಲ್ಲಿ ಎಷ್ಟಿದೆಯೆಂಬುದು ಶಿಕ್ಷಕರಿಗೆ ತಿಳಿದರಲ್ಲವೇ ಅವರು ಬೇಡಿಕೆಯನ್ನು ಅಳತೆಗೆ ತಂದುಕೊಳ್ಳುವುದು? ಮೂಲ ಪ್ರಮಾಣಪತ್ರಗಳನ್ನು ಹಿಂದಿರುಗಿಸಲು ಆಡಳಿತಕ್ಕೆ ಖರ್ಚು ಬರುವುದಿಲ್ಲ. ನೇಮಕದ ಆದೇಶಕ್ಕೆ ಬೇಕಾದುದು ಒಂದು ಹಾಳೆ.

ಒಂದು ಶಾಲೆಯಲ್ಲಿ ಹತ್ತಾರು ಜನ ಶಿಕ್ಷಕರಿರುವಲ್ಲಿ ಶಾಲೆಗೊಂದು ಸಂಘವು ನಿಲ್ಲಲಾರದು. ಹಲವು ಶಾಲೆಗಳವರು ಕೂಡಿದ ತಾಲೂಕು ಮಟ್ಟದ ಸಂಘವೇ ಸಾಧ್ಯವಾದುದು. 1926ರ ಕಾಯಿದೆಯ ಸ್ಥಾನದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಧರ್ಮಾರ್ಥ ಸೇವೆಯಲ್ಲಿ ತೊಡಗಿರುವ ಸಂಸ್ಥೆಗಳನ್ನು ಅದು ಉದ್ಯಮದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಸೇವೆಯೆಂಬ ಮಾತಿನ ಆಶ್ರಯವು ಆಡಳಿತಗಳಿಗೆ ಇದರಿಂದ ಇನ್ನಷ್ಟು ವಿಸ್ತಾರವಾಗಬಹುದೆಂಬ ಶಂಕೆಯು ನಮಗಿದೆ. ಆದುದರಿಂದ ವ್ಯಾಖ್ಯೆಯ ತಿದ್ದುಪಡಿಯು ಶಿಕ್ಷಕರ ಮೊದಲ ಬೇಡಿಕೆಯಾಗಬೇಕು.

ಕೊನೆಯಲ್ಲಿ ನಮ್ಮ ಕುರಿತೂ ಒಂದು ಮಾತನ್ನು ಹೇಳದಿದ್ದರೆ ಈ ವಿಮರ್ಶೆಯು ಅಪ್ರಾಮಾಣಿಕವಾಗುವುದು. ಕಾಲೇಜಿನ ಅಧ್ಯಾಪಕರಾದ ನಾವು ವೇತನ ಶ್ರೇಣಿಗಾಗಿ ಸಂಘ ಕಟ್ಟಿದವರು. ಅದರ ಫಲವನ್ನು ಉಂಡವರು. ನಮ್ಮ ತರಗತಿಗಳಿಂದ ಪದವಿ ಪಡೆದು ಹೊರಟ ವಿದ್ಯಾರ್ಥಿನಿಯರೇ ಅನಗವಾಡಿಯ ಹಾದಿಯ ಆ ಹಳದಿ ವಾಹನಗಳಲ್ಲಿ ಕುಳಿತಿರುವವರು. ಅವರನ್ನು ನಮ್ಮ ವೃತ್ತಿಬಾಂಧವರೆಂದು ನಾವು ಇದುವರೆಗೆ ಎಣಿಸಿಲ್ಲ. ಸಪ್ತರ್ಷಿಗಳ ಹೆಸರನ್ನು ಗೌರವದಿಂದ ಹೇಳುವವರು ಅವರು ಏಳು ಜನ ಕೂಡಿದ್ದರೆಂಬುದನ್ನೂ ನೆನೆಯಬೇಕು. ಒಬ್ಬೊಬ್ಬರಾಗಿಯೇ ಉಳಿದಿದ್ದರೆ ಆ ಸಂಸ್ಥೆಯು ಹುಟ್ಟುತ್ತಿರಲಿಲ್ಲ.