ಮ್ಹೋ ಹೋಯಿತು, ಅಂಕಿ ಉಳಿಯಿತು

ಮಂಡ್ಯದ ವಿ.ಸಿ. ನಾಲೆ ಬಯಲಲ್ಲಿ ಗದ್ದೆ ಚೌಳಾಯಿತೇ ಎಂಬುದನ್ನು ಹಿರಿಯರು ನೆಲದ ಮೇಲೆ ಬೆಳ್ಳಗೆ ಕಟ್ಟಿದ ಉಪ್ಪು ನೋಡಿಯೇ ಹೇಳುತ್ತಿದ್ದರು. ಈಗ ಮಣ್ಣು ಆರೋಗ್ಯ ಚೀಟಿಯಲ್ಲಿ ಅದಕ್ಕೊಂದು ಅಂಕಿಯಿದೆ: ವಿದ್ಯುತ್ ವಾಹಕತೆ. ನೀರಲ್ಲಿ ಕರಗಿದ ಉಪ್ಪು ಹೆಚ್ಚಿದಷ್ಟೂ ಕರೆಂಟು ಸಲೀಸಾಗಿ ಹರಿಯುತ್ತದೆ.

ಹಳೆಯ ಮಣ್ಣು ವರದಿಗಳಲ್ಲಿ ಅಳತೆ ‘ಮಿಲಿಮ್ಹೋ’. ರೋಧ ಅಳೆಯುವ ‘ಓಮ್’ನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿಸಿದರೆ ‘ಮ್ಹೋ’. ಅದರ ಗುರುತೂ ತಲೆಕೆಳಗಾದ ಒಮೆಗಾ. ಎಷ್ಟು ಚೆಂದದ ಯೋಚನೆ! 1971ರಲ್ಲಿ ಅಂತರರಾಷ್ಟ್ರೀಯ ಮಾನಪದ್ಧತಿ ‘ಸೀಮೆನ್ಸ್’ ಹೆಸರನ್ನು ಒಪ್ಪಿತು. ಬೆಲೆ ಮಾತ್ರ ಅದೇ. ಸೆಂಟಿಮೀಟರಿಗೆ 1 ಮಿಲಿಮ್ಹೋ ಎಂದರೆ ಮೀಟರಿಗೆ 1 ಡೆಸಿಸೀಮೆನ್ಸ್. ಸೆಂಟಿಮೀಟರಿನ ಲೆಕ್ಕದಲ್ಲೇ ಹೇಳಿದರೆ 1000 ಮೈಕ್ರೋಸೀಮೆನ್ಸ್. ಮಣ್ಣಿಗೆ ನೀರು ಬೆರೆಸುವ ಕ್ರಮ ಒಂದೇ ಆಗಿದ್ದರೆ, ಅಜ್ಜನ ವರದಿಯ ಅಂಕಿಯನ್ನು ಮೊಮ್ಮಗನ ಚೀಟಿಯ ಪಕ್ಕದಲ್ಲಿಟ್ಟು ನೇರವಾಗಿ ಹೋಲಿಸಬಹುದು.