ಸೂಪಶಾಸ್ತ್ರವೂ ಅಡುಗೆಮನೆಯ ಕನ್ನಡವೂ

ಅಡುಗೆಯ ಪುಸ್ತಕವೊಂದನ್ನು ಸಾಹಿತ್ಯ ವಿಮರ್ಶೆಯ ಪುಟಕ್ಕೆ ತರುವುದು ಉಚಿತವೇ ಎಂದು ಓದುಗರಲ್ಲಿ ಕೆಲವರು ಹುಬ್ಬೇರಿಸಬಹುದು. ನಮ್ಮ ಸಾಹಿತ್ಯ ಚರಿತ್ರೆಗಳ ಅಭಿಪ್ರಾಯವೂ ಹೆಚ್ಚು ಕಡಿಮೆ ಅದೇ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನ ಮಾತು ಬಂದಾಗ ಅವು ‘ಜಯನೃಪಕಾವ್ಯ’, ‘ಸಮ್ಯಕ್ತ್ವಕೌಮುದಿ’, ‘ನೇಮಿಜಿನೇಶ ಸಂಗತಿ’ಗಳ ಬಳಿ ನಿಂತು ಮಾತನಾಡುತ್ತವೆ. ‘ಸೂಪಶಾಸ್ತ್ರ’ಕ್ಕೆ ಬಂದೊಡನೆ ಶಾಸ್ತ್ರಗ್ರಂಥವೆಂದು ಹೇಳಿ, ಒಂದು ವಾಕ್ಯದಲ್ಲಿ ಕೈ ತೊಳೆದುಕೊಳ್ಳುತ್ತವೆ. ಊಟವಾದ ಮೇಲೆ ಕೈ ತೊಳೆಯುವುದು ವಾಡಿಕೆ. ಇಲ್ಲಿ ಬಡಿಸುವ ಮೊದಲೇ ತೊಳೆದು ಎಲೆಯ ಮುಂದಿನಿಂದ ಎದ್ದಂತಾಗಿದೆ.

ಮಂಗರಸ ಕಲ್ಲಹಳ್ಳಿಯ ಪ್ರಭುಗಳ ಮನೆತನದವನು, ಜೈನ. ಆದ್ದರಿಂದ ಅವನ ಅಡುಗೆ ಶುದ್ಧ ಸಸ್ಯಾಹಾರ. ಹಿಟ್ಟಿನಿಂದಾಗುವ ಭಕ್ಷ್ಯಗಳಿಂದ ಆರಂಭಿಸಿ ಪಾನಕ, ಅನ್ನಗಳನ್ನು ಹಾದು ಬದನೆ, ಬಾಳೆ, ಹಲಸು, ಬಿದಿರ ಕಳಲೆಗಳ ತನಕ ಅವನ ಗ್ರಂಥ ಸಾಗುತ್ತದೆ. ಆರಿಸಿಕೊಂಡ ಛಂದಸ್ಸು ವಾರ್ಧಕ ಷಟ್ಪದಿ. ರಾಘವಾಂಕನು ಹರಿಶ್ಚಂದ್ರನನ್ನು ಸುಡುಗಾಡಿನಲ್ಲಿ ನಿಲ್ಲಿಸಿದ್ದು ಇದೇ ಷಟ್ಪದಿಯಲ್ಲಿ. ಮಂಗರಸ ಅದರಲ್ಲಿ ರೊಟ್ಟಿ ತಟ್ಟಿದ. ನಗಬೇಕೆನ್ನಿಸಿದರೆ ನಗಬಹುದು. ಆದರೆ ಆರು ಪಾದಗಳ ಪಾತ್ರೆಯಲ್ಲಿ ಒಂದು ತಿಂಡಿಯ ಹುಟ್ಟು, ಬೆಳವಣಿಗೆ, ಸಿದ್ಧಿಗಳನ್ನು ಹಿಡಿದಿಡುವುದು ಸುಲಭದ ಕೆಲಸವಲ್ಲ.

ಕಾವ್ಯವೆಂದು ಓದಿದರೆ ಇದರಲ್ಲಿ ದೋಷಗಳಿಲ್ಲದಿಲ್ಲ. ಪಾದ ತುಂಬಿಸಲು ತಂದಿಟ್ಟ ವಿಶೇಷಣಗಳು ಅಲ್ಲಲ್ಲಿ ಗಂಟಾಗಿ ಉಳಿದಿವೆ. ಪರಿಮಳದ್ರವ್ಯಗಳ ಮೇಲಿನ ಮೋಹ ಅರಮನೆಯ ಮೋಹವೇ ಹೊರತು ನಾಲಗೆಯದಲ್ಲ. ಇಷ್ಟನ್ನೂ ಒಪ್ಪಿಕೊಂಡ ಮೇಲೆ ಒಂದು ಗುಣ ಉಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಅದು ದೊಡ್ಡ ಗುಣ. ಅವನ ರೊಟ್ಟಿಗಳ ಹೆಸರುಗಳನ್ನು ನೋಡಿ: ಉಬ್ಬು ರೊಟ್ಟಿ, ಚುಚ್ಚು ರೊಟ್ಟಿ, ಕಿವಿಚು ರೊಟ್ಟಿ, ಉದುರು ರೊಟ್ಟಿ. ಉಬ್ಬು, ಚುಚ್ಚು, ಕಿವಿಚು, ಉದುರು ಇವೆಲ್ಲ ಧಾತುಗಳು. ರೊಟ್ಟಿಗೆ ಹೆಸರು ಬಂದದ್ದು ಅದನ್ನು ಮಾಡಿದ ಅರಸನಿಂದಲ್ಲ, ತಿಂದ ದೇವರಿಂದಲ್ಲ, ಊರಿನಿಂದಲೂ ಅಲ್ಲ. ಕೈ ಮಾಡಿದ ಕೆಲಸದಿಂದ, ಇಲ್ಲವೇ ಬೆಂಕಿಯ ಮೇಲೆ ಹಿಟ್ಟು ತೋರಿಸಿದ ನಡತೆಯಿಂದ. ಜೊತೆಗೊಂದು ಮುಚ್ಚಳ ರೊಟ್ಟಿಯೂ ಇದೆ: ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಒಲೆಯನ್ನೇ ಭಟ್ಟಿಯಾಗಿಸುವ ಈ ಜಾಣ್ಮೆ ಬೇಕರಿಗಳು ಬರುವುದಕ್ಕೆ ಎಷ್ಟೋ ಮೊದಲಿನದು.

ಕನ್ನಡ ವಾಕ್ಯದ ಜಾಯಮಾನವೂ ಈ ಕೆಲಸಕ್ಕೆ ಒದಗಿಬಂದಿದೆ. ನೆನೆಸಿ, ಸೋಸಿ, ರುಬ್ಬಿ, ಕಲಸಿ, ತಟ್ಟಿ, ಬೇಯಿಸು ಎಂದಾಗ ಕೃದಂತಾವ್ಯಯಗಳು ಒಂದರ ಬೆನ್ನಿಗೊಂದು ಬಂದು ಕಡೆಗೆ ಒಂದೇ ಕ್ರಿಯಾಪದದಲ್ಲಿ ನಿಲ್ಲುತ್ತವೆ. ಅಡುಗೆಯ ಕ್ರಮವೇ ವಾಕ್ಯದ ಕ್ರಮವಾಗುತ್ತದೆ. ಮಂಗರಸನಿಗಿಂತ ಸುಮಾರು ಐದು ಶತಮಾನ ಹಿಂದೆ, ೧೦೨೫ರ ಹೊತ್ತಿಗೆ, ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ದಲ್ಲಿ ಇಡ್ಡಲಿಗೆಯ ಕ್ರಮವನ್ನು ಹೇಳುವಾಗಲೂ ದಾರಿ ಇದೇ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿಯಲ್ಲಿ ಕಲಸಿ, ಇಂಗು ಜೀರಿಗೆ ಕೊತ್ತಂಬರಿ ಮೆಣಸುಗಳನ್ನು ಕೂಡಿಸುವುದು. ಅಲ್ಲಿ ಅಕ್ಕಿಯಿಲ್ಲ. ನಮ್ಮ ಇಂದಿನ ಇಡ್ಲಿ ಬೇರೆ, ಅಂದಿನ ಇಡ್ಡಲಿಗೆ ಬೇರೆ. ತಿಂಡಿ ಬದಲಾಯಿತು, ನೆನೆಸುವ, ಅರೆಯುವ, ಕಲಸುವ ಮಾತು ಬದಲಾಗಲಿಲ್ಲ.

ಮಂಡಿಗೆಯ ವಿಷಯ ಇನ್ನೂ ಸ್ವಾರಸ್ಯವಾದದ್ದು. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅದು ಮಂಡಕವೆಂಬ ಸಂಸ್ಕೃತ ವೇಷ ತೊಟ್ಟಿದೆ, ಬೆಳಗಾವಿಯ ಕಡೆ ಮದುವೆ ಮನೆಗಳಲ್ಲಿ ಇಂದಿಗೂ ಮಂಡಿಗೆಯಾಗಿಯೇ ಇದೆ. ಹೂರಣ ತುಂಬಿದ ಕಣಕವನ್ನು ಕೈಗಳ ಮೇಲೆ ಬೀಸಿ ಬೀಸಿ ಬಟ್ಟೆಯಂತೆ ಹಿಗ್ಗಿಸಿ, ಬೋರಲು ಹಾಕಿದ ಕಾದ ಪಾತ್ರೆಯ ಮೇಲೆ ಹರಡಬೇಕು. ಬಾರದವರು ಮನಸ್ಸಿನಲ್ಲಿ ಮಂಡಿಗೆ ತಿಂದು ಸುಮ್ಮನಾಗಬೇಕು! ಇದಕ್ಕೆ ತಮ್ಮನೆನ್ನಬಹುದಾದ ತಿಂಡಿಯೊಂದು ಆಸ್ಟ್ರಿಯ ದೇಶದಲ್ಲಿದೆ. ಅದರ ಹೆಸರು ಸ್ಟ್ರೂಡೆಲ್. ಅವರ ಭಾಷೆಯಲ್ಲಿ ಆ ಪದಕ್ಕೆ ನೀರಿನ ಸುಳಿ ಎಂದರ್ಥ. ಕಣಕವನ್ನು ಮುಂಗೈಗಳ ಮೇಲೆ, ಕೆಳಗೆ ಪತ್ರಿಕೆಯಿಟ್ಟರೆ ಅಕ್ಷರ ಓದಲು ಬರುವಷ್ಟು ತೆಳ್ಳಗೆ ಎಳೆದು, ಸೇಬಿನ ಚೂರುಗಳನ್ನು ಹರಡಿ, ಸುರುಳಿ ಸುತ್ತಿ ಬೇಯಿಸುತ್ತಾರೆ. ಸ್ಟ್ರೂಡೆಲ್ ಮಾಡುವ ಬಗೆಯನ್ನು ಬರೆದಿಟ್ಟ ೧೬೯೬ರ ಕೈಬರಹವೊಂದನ್ನು ವಿಯೆನ್ನಾ ನಗರದ ಗ್ರಂಥಾಲಯ ಜೋಪಾನವಾಗಿ ಕಾದಿಟ್ಟುಕೊಂಡಿದೆ.

ಆ ದೇಶದವರು ಅಡುಗೆಯ ಮಾತನ್ನು ಕಾಯಲು ಇನ್ನೊಂದು ಕೆಲಸವನ್ನೂ ಮಾಡಿದರು. ೧೯೯೫ರಲ್ಲಿ ಆಸ್ಟ್ರಿಯ ಯುರೋಪಿನ ಒಕ್ಕೂಟವನ್ನು ಸೇರಿದಾಗ, ಪ್ರವೇಶದ ಒಪ್ಪಂದಕ್ಕೆ ಹತ್ತನೆಯ ಪ್ರೋಟೊಕಾಲ್ ಎಂಬ ಪುಟ್ಟ ಬರಹವೊಂದನ್ನು ಲಗತ್ತಿಸಿದರು. ಅದರಲ್ಲಿರುವುದು ಇಪ್ಪತ್ತಮೂರು ಪದಗಳು, ಎಲ್ಲವೂ ಅಡುಗೆಮನೆಯವು. ಜರ್ಮನಿಯವರು ಕಾರ್ಟೊಫೆಲ್ ಎನ್ನುವ ಆಲೂಗಡ್ಡೆ ಇವರಿಗೆ ಏರ್ಡ್‌ಎಪ್ಫೆಲ್, ಎಂದರೆ ನೆಲದ ಸೇಬು. ಅವರ ಟೊಮಾಟೆ ಇವರಿಗೆ ಪಾರಾಡೈಸರ್, ಸ್ವರ್ಗದ ಹಣ್ಣು. ಒಕ್ಕೂಟದ ಕಾನೂನಿನಲ್ಲಿ ಜರ್ಮನಿಯ ಪದಕ್ಕಿರುವಷ್ಟೇ ಮಾನ್ಯತೆ ಆಸ್ಟ್ರಿಯದ ಪದಕ್ಕೂ ಇರಬೇಕೆಂಬುದು ಷರತ್ತು. ಭಾಷೆ ಒಂದೇ, ದೇಶ ಎರಡು. ದೊಡ್ಡ ನೆರೆಯವನ ಮಾತಿನಲ್ಲಿ ತಮ್ಮ ಊಟ ಕರಗಿಹೋದೀತೆಂಬ ಅಂಜಿಕೆ ಅದರ ಹಿಂದಿತ್ತು. ಮಡಿವಂತಿಕೆಯ ಮಾತಲ್ಲ ಇದು. ರಕ್ಷಣೆ ಪಡೆದವುಗಳಲ್ಲಿ ಪೋವಿಡ್ಲ್ ಎಂಬ ಹಣ್ಣಿನ ಪಾಕದ ಹೆಸರು ಚೆಕ್ ಭಾಷೆಯಿಂದಲೂ, ಬದನೆಕಾಯಿಯ ಹೆಸರು ಇಟಲಿಯಿಂದಲೂ ಬಂದು ಅಲ್ಲಿ ಮನೆ ಮಾಡಿಕೊಂಡಂಥವು.

ಈ ಪಟ್ಟಿಯನ್ನು ಮೆಚ್ಚುತ್ತಲೇ ಒಂದು ಆಕ್ಷೇಪವನ್ನು ಹೇಳಬೇಕು. ಇಪ್ಪತ್ತಮೂರೂ ನಾಮಪದಗಳು. ಅಂಗಡಿಯ ಚೀಟಿಗೆ, ಡಬ್ಬಿಯ ಮೇಲಿನ ಬರಹಕ್ಕೆ ಅಷ್ಟು ಸಾಕು. ಮಂಗರಸನನ್ನು ಓದಿದವರಿಗೆ ಅಷ್ಟು ಸಾಲದು. ಕನ್ನಡದ ಅಡುಗೆಯಲ್ಲಿ ನಾಮಪದಗಳು ಹೇಗೋ ಬದುಕಿಕೊಳ್ಳುತ್ತವೆ. ನಮ್ಮ ಬೊಮ್ಮನಹಳ್ಳಿಯಿಂದ ಜಯನಗರದ ತನಕ ಹೋಳಿಗೆಯ ಹೆಸರು ಹೊತ್ತ ಫಲಕಗಳಿಗೆ ಬರವಿಲ್ಲ. ಸದ್ದಿಲ್ಲದೆ ಸಾಯುತ್ತಿರುವುದು ಕ್ರಿಯಾಪದ.

ಪತ್ರಿಕೆಗಳ ಅಡುಗೆಯ ಅಂಕಣಗಳನ್ನು ತೆರೆದು ನೋಡಿ. ಫ್ರೈ ಮಾಡಿ, ಮಿಕ್ಸ್ ಮಾಡಿ, ಗ್ರೈಂಡ್ ಮಾಡಿ, ಕೊನೆಗೆ ಸರ್ವ್ ಮಾಡಿ. ‘ಮಾಡು’ ಎಂಬ ಒಂದೇ ಧಾತು ತನ್ನ ಒಡಹುಟ್ಟಿದವರನ್ನೆಲ್ಲ ನುಂಗಿ ಕುಳಿತಿದೆ. ಇದು ಬರಿಯ ಭಾಷಾಭಿಮಾನದ ದೂರಲ್ಲ. ಅಡುಗೆಯೇ ಕೆಡುವ ಮಾತು. ಎಣ್ಣೆಯಿಲ್ಲದೆ ಬಾಣಲೆಯಲ್ಲಿ ಬಿಸಿ ಮಾಡುವುದು ಹುರಿಯುವುದು. ಎಣ್ಣೆಯಲ್ಲಿ ಮುಳುಗಿಸುವುದು ಕರಿಯುವುದು. ಚೂರು ಎಣ್ಣೆಯಲ್ಲಿ ಬಣ್ಣಗೆಡದಂತೆ ಮೆತ್ತಗಾಗಿಸುವುದು ಬಾಡಿಸುವುದು. ಬರೆದವರು ಫ್ರೈ ಮಾಡಿ ಎಂದರೆ ಹೊಸದಾಗಿ ಒಲೆಯ ಮುಂದೆ ನಿಂತ ಹುಡುಗಿಯೋ ಹುಡುಗನೋ ಮೂರರಲ್ಲಿ ಯಾವುದನ್ನು ಹಿಡಿಯಬೇಕು? ಗ್ರೈಂಡ್ ಎಂದರೆ ಬೀಸುವುದೇ, ರುಬ್ಬುವುದೇ, ಅರೆಯುವುದೇ, ಕುಟ್ಟುವುದೇ? ಬೀಸಿದರೆ ಹಿಟ್ಟು, ರುಬ್ಬಿದರೆ ಸಂಪಳ. ಮಿಕ್ಸ್ ಎಂದರೆ ಕಲಸಬೇಕೋ, ನಾದಬೇಕೋ, ಕದಡಬೇಕೋ, ಬರಿದೆ ಕೈಯಾಡಿಸಿದರೆ ಸಾಕೋ? ಚಪಾತಿಯ ಹಿಟ್ಟನ್ನು ಕದಡಿದವನನ್ನೂ ಮಜ್ಜಿಗೆಯನ್ನು ನಾದಲು ಹೊರಟವನನ್ನೂ ಈ ಪದ ಸಮಾನವಾಗಿ ಹರಸುತ್ತದೆ.

ಸಿಹಿತಿಂಡಿಯಲ್ಲಂತೂ ನಷ್ಟ ಇನ್ನೂ ಹೆಚ್ಚು. ಒಂದೆಳೆ ಪಾಕ, ಎರಡೆಳೆ ಪಾಕ, ಉಂಡೆ ಪಾಕ ಎಂಬ ಮೂರು ಹೆಸರುಗಳಲ್ಲಿ ಉಷ್ಣಮಾಪಕವಿಲ್ಲದ ಕಾಲದ ವಿಜ್ಞಾನವಿದೆ. ಬೆರಳುಗಳ ನಡುವೆ ಎಳೆ ಕಟ್ಟಿತೇ, ನೀರಿಗೆ ಬಿಟ್ಟರೆ ಉಂಡೆಯಾಯಿತೇ ಎಂಬುದೇ ಅಳತೆ. ಮೈಸೂರು ಪಾಕನ್ನು ನೆನೆಯಿರಿ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಕಾಕಾಸುರ ಮಾದಪ್ಪನವರು ಅದನ್ನು ಮಾಡಿದರೆಂದು ಪ್ರಸಿದ್ಧಿ. ಹೆಸರೇನೆಂದು ದೊರೆ ಕೇಳಿದಾಗ ಊರಿನ ಹೆಸರಿಗೆ ಪಾಕವನ್ನು ಸೇರಿಸಿ ಹೇಳಿದರಂತೆ. ವಿಯೆನ್ನಾದಲ್ಲಿ ಫ್ರಾಂಟ್ಸ್ ಸಾಕರ್ ೧೮೩೨ರಲ್ಲಿ ಮಾಡಿದನೆನ್ನುವ ಚಾಕೊಲೇಟ್ ಕೇಕಿಗೆ ಅವನ ಮನೆತನದ ಹೆಸರೇ ಅಂಟಿತು. ‘ಮೂಲ’ದ್ದು ಯಾರದೆಂದು ಎರಡು ಅಂಗಡಿಗಳು ನ್ಯಾಯಾಲಯದಲ್ಲಿ ವರ್ಷಾನುಗಟ್ಟಲೆ ಹೊಡೆದಾಡಿದವು. ನಮ್ಮವರು ಬಾಣಸಿಗನ ಹೆಸರನ್ನು ಬಿಟ್ಟು ಹದದ ಹೆಸರನ್ನು ಉಳಿಸಿಕೊಂಡರು. ಆ ಹದವೇನೆಂದು ಇಂದು ತರಗತಿಯಲ್ಲಿ ಕೇಳಿದರೆ ಪಾಕ್ ಎಂದರೆ ನೆರೆಯ ದೇಶವೇ ಎನ್ನುವ ಜಾಣರೂ ಸಿಗುತ್ತಾರೆ.

ಹೊಸ ಪದಗಳನ್ನು ಬಾಗಿಲಲ್ಲಿ ತಡೆಯಬೇಕೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳು ಬನ್ನು, ಪಫ್ಸು, ರಸ್ಕುಗಳನ್ನು ತಂದು ಕೊಟ್ಟವು. ವಸ್ತುವಿನೊಡನೆ ಪದ ಬಂತು, ‘ಖಾರಾ ಬನ್ನು’ ಎಂದು ನಮ್ಮ ನಾಲಗೆಗೆ ಹೊಂದಿಕೊಂಡಿತು, ಒಳ್ಳೆಯದೇ ಆಯಿತು. ಹುರಿಯುವುದು ಹಾಗಲ್ಲ. ಕೆಲಸ ಇಲ್ಲೇ ಇದೆ, ಬಾಣಲೆ ಇಲ್ಲೇ ಇದೆ, ಪದ ಮಾತ್ರ ಮನೆ ಬಿಟ್ಟಿದೆ.

ಸೂಪಶಾಸ್ತ್ರಕ್ಕೆ ಇಂದು ಬೇಕಾದದ್ದು ಅರ್ಥಕೋಶವುಳ್ಳ, ಸಾಮಾನ್ಯ ಓದುಗರ ಕೈಗೆಟುಕುವ ಒಂದು ಆವೃತ್ತಿ. ಅದರ ಸಂಪಾದಕ ಮಂಡಳಿಯಲ್ಲಿ ಹಳಗನ್ನಡ ಬಲ್ಲವರ ಪಕ್ಕಕ್ಕೆ ಒಲೆಯ ಮುಂದೆ ನಲವತ್ತು ವರ್ಷ ನಿಂತವರೊಬ್ಬರು ಇರಲೇಬೇಕು. ಉತ್ತರ ಕರ್ನಾಟಕದವರೊಬ್ಬರು, ಕರಾವಳಿಯವರೊಬ್ಬರು ಇದ್ದರೆ ಇನ್ನೂ ಮೇಲು. ಉದುರು ರೊಟ್ಟಿ ಎಷ್ಟು ಉದುರಬೇಕೆಂಬುದನ್ನು ನಿಘಂಟು ಹೇಳಲಾರದು. ಕಿವಿಚು ಎಂಬ ಧಾತುವಿಗೆ ಟಿಪ್ಪಣಿಯ ಅಗತ್ಯವೇ ಬೀಳಲಿಕ್ಕಿಲ್ಲ: ಮಗುವಿಗೆ ಬಾಳೆಹಣ್ಣು ಕಿವುಚಿ ಕೊಡುವ ಅಜ್ಜಿಯರು ಇನ್ನೂ ಇದ್ದಾರೆ. ಮೊನ್ನೆ ಒಂದು ಅಂಕಣದಲ್ಲಿ ಅದೇ ಬಾಳೆಹಣ್ಣನ್ನು ‘ಮ್ಯಾಶ್ ಮಾಡಿ’ ಎಂದು ಬರೆದಿದ್ದರು.